ಚಿನ್ನದ ಕಣ, ತಣ್ಣನೆಯ ಮಿಂಚು



1857ನೇ ಇಸವಿ. ಬರ್ಲಿನ್ನಿನಲ್ಲಿ ವೆರ್ನರ್ ಸೀಮೆನ್ಸ್ ಒಂದರೊಳಗೊಂದು ಗಾಜಿನ ಕೊಳವೆ ಇಟ್ಟು, ನಡುವಿನ ಸಂದಿನಲ್ಲಿ ಗಾಳಿ ಹಾಯಿಸಿ, ವಿದ್ಯುತ್ ಕೊಟ್ಟರು. ಗಾಳಿಯಲ್ಲಿ ಓಝೋನ್ ಹುಟ್ಟಿತು. ಗಾಜು ಅಡ್ಡ ಇದ್ದುದರಿಂದ ದೊಡ್ಡ ಕಿಡಿ ಹಾರಲಿಲ್ಲ. ಅದೇ ವರ್ಷ ಲಂಡನ್ನಿನಲ್ಲಿ ಮೈಕೆಲ್ ಫ್ಯಾರಡೆ ಚಿನ್ನದ ದ್ರಾವಣಕ್ಕೆ ರಂಜಕ ಸೇರಿಸಿ ಮಾಣಿಕ್ಯದಂಥ ಕೆಂಪು ನೀರು ಮಾಡಿದ್ದನ್ನು ವಿವರಿಸಿದರು. ಬಣ್ಣ ಬೇರೆಯಾದರೂ ಒಳಗಿರುವುದು ಚಿನ್ನವೇ, ಕಣ್ಣಿಗೆ ಕಾಣದಷ್ಟು ಸಣ್ಣ ಕಣವಾಗಿ ಎಂದರು. ಇವೆರಡಕ್ಕೂ ನಂಟು ಕುದುರಲು ನೂರೈವತ್ತು ವರ್ಷ ಹಿಡಿಯಿತು.

ಸೀಮೆನ್ಸರ ಕೊಳವೆಯಲ್ಲಿದ್ದಂಥ, ವಿದ್ಯುತ್ ಹಾಯ್ದು ಎಲೆಕ್ಟ್ರಾನು ಕಳಚಿಕೊಂಡ ಅನಿಲಕ್ಕೆ 1928ರಲ್ಲಿ ಅಮೆರಿಕದ ಅರ್ವಿಂಗ್ ಲ್ಯಾಂಗ್‌ಮ್ಯೂರ್ 'ಪ್ಲಾಸ್ಮಾ' ಎಂದು ಹೆಸರಿಟ್ಟರು. ರಕ್ತದ ಪ್ಲಾಸ್ಮಾವನ್ನು ನೆನೆದು ಇಟ್ಟ ಹೆಸರು ಎಂದು ಅವರ ಜೊತೆಗಾರರೊಬ್ಬರು ಹೇಳಿದ್ದುಂಟು. ಮುಂದೆ ಪ್ಲಾಸ್ಮಾದಿಂದಲೇ ಗಾಯಕ್ಕೆ ಚಿಕಿತ್ಸೆ ಬಂತು; ಎರವಲು ತಂದ ಮಾತು ಕೊನೆಗೆ ಗಾಯದ ಬಳಿಗೇ ಮರಳಿತು ನೋಡಿ!

ಆದರೆ ಪ್ಲಾಸ್ಮಾ ಎಂದರೆ ಸೂರ್ಯನ ಕಾವಲ್ಲವೇ, ಮೈಗೆ ಸೋಕಿಸುವುದು ಹೇಗೆ? ಮನೆಯ ಟ್ಯೂಬ್‌ಲೈಟನ್ನೇ ನೋಡಿ. ಒಳಗಿನ ಎಲೆಕ್ಟ್ರಾನುಗಳ ತಾಪ ಸಾವಿರಾರು ಡಿಗ್ರಿ. ತೀರ ಹಗುರವಾದ್ದರಿಂದ ಭಾರದ ಅಣುಗಳನ್ನು ಅವು ಕಾಯಿಸಲಾರವು. ಕೊಳವೆ ಮುಟ್ಟಿದರೆ ಕೈ ಸುಡುವುದಿಲ್ಲ. ಇದನ್ನೇ ತೆರೆದ ಗಾಳಿಯಲ್ಲಿ ಸಾಧಿಸಿದ್ದು ದೊಡ್ಡ ಹೆಜ್ಜೆ. 1996ರಲ್ಲಿ ಸಂಶೋಧಕ ಮುನೀರ್ ಲಾರೂಸಿ ಅಂಥ ಪ್ಲಾಸ್ಮಾದಿಂದ ರೋಗಾಣು ಕೊಂದು ತೋರಿಸಿದರು. 2002ರಲ್ಲಿ ನೆದರ್‌ಲ್ಯಾಂಡ್ಸ್‌ನ ಐಂಡ್‌ಹೋವನ್ನಿನಲ್ಲಿ ಎವಾ ಸ್ಟೋಫೆಲ್ಸ್, ಸೂಜಿಮೊನೆಯಷ್ಟು ಜಾಗಕ್ಕೆ ತಣ್ಣನೆಯ ಪ್ಲಾಸ್ಮಾ ಸೋಕಿಸುವ 'ಪ್ಲಾಸ್ಮಾ ಸೂಜಿ'ಯನ್ನು ಪ್ರಕಟಿಸಿದರು. 2013ರ ಹೊತ್ತಿಗೆ ಜರ್ಮನಿಯ ಗ್ರೈಫ್ಸ್‌ವಾಲ್ಡಿನಲ್ಲಿ ರೂಪುಗೊಂಡ ಪೆನ್ನಿನಂಥ ಉಪಕರಣಕ್ಕೆ ಮಾಯದ ಗಾಯಗಳ ಚಿಕಿತ್ಸೆಗೆ ಅನುಮತಿ ಸಿಕ್ಕಿತು.

ಕ್ಯಾನ್ಸರಿಗೆ ಬಂದಾಗ ತೊಡಕು ಬೇರೆ. ಕ್ಯಾನ್ಸರ್ ಕೋಶವನ್ನು ಕೊಲ್ಲುವುದು ಕಷ್ಟವಲ್ಲ, ಪಕ್ಕದ ಒಳ್ಳೆಯ ಜೀವಕೋಶವನ್ನು ಬಿಟ್ಟು ಕೊಲ್ಲುವುದು ಕಷ್ಟ. ಇಲ್ಲಿ ಫ್ಯಾರಡೆಯ ಚಿನ್ನ ಕೈಹಿಡಿಯಿತು. 2009ರಲ್ಲಿ ದಕ್ಷಿಣ ಕೊರಿಯಾದ ತಂಡವೊಂದು ಚಿನ್ನದ ನ್ಯಾನೋಕಣಗಳಿಗೆ ಪ್ರತಿಕಾಯ ಕಟ್ಟಿತು. ಮೆಲನೋಮ ಎಂಬ ಚರ್ಮದ ಕ್ಯಾನ್ಸರಿನ ಕೋಶದಲ್ಲಿ ಹೆಚ್ಚಾಗಿರುವ ಒಂದು ಪ್ರೋಟೀನನ್ನು ಹುಡುಕಿ ಹಿಡಿಯುವ ಪ್ರತಿಕಾಯ ಅದು. ಆಮೇಲೆ ಪ್ಲಾಸ್ಮಾ ಹಾಯಿಸಿದರೆ, ಬರೀ ಪ್ಲಾಸ್ಮಾಕ್ಕಿಂತ ಐದು ಪಟ್ಟು ಕೋಶಗಳು ಸತ್ತವು. ಮುಂದೆ ಡಬ್ಲಿನ್ನಿನ ಸಂಶೋಧಕರು ಇನ್ನೊಂದು ಗುಟ್ಟು ಕಂಡುಕೊಂಡರು: ಪ್ಲಾಸ್ಮಾ ಸೋಕಿದ ಮಿದುಳುಗಡ್ಡೆಯ ಕೋಶಗಳು ಚಿನ್ನದ ಕಣಗಳನ್ನು ಮೊದಲಿಗಿಂತ ಹೆಚ್ಚು ನುಂಗುತ್ತವೆ. ಅಂದರೆ ಚಿನ್ನ ಪ್ಲಾಸ್ಮಾಕ್ಕೆ ದಾರಿ ತೋರುತ್ತದೆ, ಪ್ಲಾಸ್ಮಾ ಚಿನ್ನಕ್ಕೆ ಬಾಗಿಲು ತೆರೆಯುತ್ತದೆ. ನನಗೆ ಈ ಕೊಡುಕೊಳ್ಳುವಿಕೆಯೇ ಇಡೀ ಕಥೆಯ ಸೊಗಸು.

ಆದರೂ ಅವಸರ ಬೇಡ. ಚಿನ್ನ-ಪ್ಲಾಸ್ಮಾ ಜೋಡಿಯ ಪ್ರಯೋಗಗಳು ನಡೆದಿರುವುದು ಬಹುಪಾಲು ಗಾಜಿನ ತಟ್ಟೆಯಲ್ಲಿ, ಇಲಿಗಳ ಮೇಲೆ. ಪ್ಲಾಸ್ಮಾ ಮೈಯೊಳಗೆ ಬಹಳ ಆಳಕ್ಕೆ ಇಳಿಯದು. ದೇಹದಲ್ಲಿ ಉಳಿದ ಚಿನ್ನ ಎಲ್ಲಿ ಸೇರುತ್ತದೆ ಎಂಬುದನ್ನೂ ನೋಡಬೇಕು. ಈ ಜೋಡಿಯ ಹೆಸರು ಹೇಳಿ ಯಾರಾದರೂ ಇಂದೇ ಕ್ಯಾನ್ಸರ್ ವಾಸಿ ಮಾಡುತ್ತೇವೆಂದರೆ, ದಯವಿಟ್ಟು ಮೊದಲು ನಿಮ್ಮ ಕ್ಯಾನ್ಸರ್ ವೈದ್ಯರನ್ನು ಕೇಳಿ.