ಮುದಿ ಲಾಬ್‌ಸ್ಟರ್ ಮತ್ತು ದೇವರ ಮೀನು

(ಧಾರವಾಡದಲ್ಲಿ ಮಾಡಿದ ಉಪನ್ಯಾಸದ ಬರಹರೂಪ)



ನಮ್ಮ ಹುಬ್ಬಳ್ಳಿ-ಧಾರವಾಡಕ್ಕೆ ಸಮುದ್ರವಿಲ್ಲ. ಆದರೂ ಇಲ್ಲಿಯ ಖಾನಾವಳಿಗಳಲ್ಲಿ ಬಂಗಡೆ, ಸಿಗಡಿ ಸಿಗುತ್ತವೆ. ಕಾರವಾರ, ಅಂಕೋಲಾಗಳಿಂದ ಬರ್ಫದ ಪೆಟ್ಟಿಗೆಯಲ್ಲಿ ಅರಬೈಲ್ ಘಟ್ಟ ಹತ್ತಿ ಬರುವ ಸರಕು ಅದು. ನಮ್ಮ ಹೋಟೆಲಿನವರಿಗೆ ಕರುಣೆ ಬಂದರೂ ಅದನ್ನು ಬದುಕಿಸುವಂತಿಲ್ಲ.

ಅಮೆರಿಕದ ಒಂದು ಹೋಟೆಲಿಗೆ ಅದು ಸಾಧ್ಯವಾಯಿತು. 2017ರ ಜೂನ್‌ನಲ್ಲಿ, ನ್ಯೂಯಾರ್ಕಿಗೆ ಸಮೀಪದ ಲಾಂಗ್ ಐಲ್ಯಾಂಡಿನ ಪೀಟರ್ಸ್ ಕ್ಲಾಮ್ ಬಾರ್, ಸುಮಾರು ಇಪ್ಪತ್ತು ವರ್ಷ ತನ್ನ ತೊಟ್ಟಿಯಲ್ಲಿದ್ದ ಲೂಯಿ ಎಂಬ ಲಾಬ್‌ಸ್ಟರನ್ನು ಕಡಲಿಗೆ ಬಿಟ್ಟಿತು. ಲಾಬ್‌ಸ್ಟರ್ ಎಂದರೆ ಸಿಗಡಿಯ ದೊಡ್ಡಣ್ಣನೆನ್ನಿ. ಲೂಯಿಯ ತೂಕ 22 ಪೌಂಡ್, ಅಂದರೆ ಸುಮಾರು 10 ಕಿಲೋ. ಸಾವಿರ ಡಾಲರ್ ಕೊಡುತ್ತೇನೆಂದ ಗಿರಾಕಿಗೂ ಮಾಲೀಕರು ಅದನ್ನು ಮಾರಲಿಲ್ಲ. ವಯಸ್ಸು 132 ಎಂದು ಪತ್ರಿಕೆಗಳು ಬರೆದವು. ಅದು ಬರೀ ಅಂದಾಜು. ಲಾಬ್‌ಸ್ಟರ್ ಬೆಳೆದಂತೆಲ್ಲ ಹಳೆಯ ಚಿಪ್ಪು ಕಳಚಿ ಹೊಸದನ್ನು ತೊಡುತ್ತದೆ. ಮರದ ಉಂಗುರ ಎಣಿಸಿದಂತೆ ಚಿಪ್ಪು ನೋಡಿ ವಯಸ್ಸು ಹೇಳಲಾಗದು.

ಒಂದನ್ನು ಬಿಟ್ಟು ಉಳಿದವನ್ನು ಬೇಯಿಸುವುದು ಎಂಥ ದಯೆ ಎಂದು ನೀವು ಕೇಳಬಹುದು. ಕೇಳಬೇಕಾದದ್ದೇ. ಆದರೆ ಮುದಿಯದನ್ನು ಬಿಡುವುದರಲ್ಲಿ ಲೆಕ್ಕಾಚಾರವೂ ಇದೆ. ಹೆಣ್ಣು ದೊಡ್ಡದಾದಷ್ಟೂ ಮೊಟ್ಟೆ ಹೆಚ್ಚು. ಅಮೆರಿಕದ ಮೇನ್ ರಾಜ್ಯದ ಬೆಸ್ತರು ತೀರ ಚಿಕ್ಕದನ್ನೂ ಹಿಡಿಯುವಂತಿಲ್ಲ, ತೀರ ದೊಡ್ಡದನ್ನೂ ಹಿಡಿಯುವಂತಿಲ್ಲ. ಮೊಟ್ಟೆ ಹೊತ್ತ ಹೆಣ್ಣು ಸಿಕ್ಕರೆ ಬಾಲದಲ್ಲೊಂದು ಕಚ್ಚು ಮಾಡಿ ನೀರಿಗೆ ಬಿಡುತ್ತಾರೆ. ಮುಂದೆ ಯಾರ ಬಲೆಗೆ ಬಿದ್ದರೂ ಆ ಗುರುತೇ ಅದಕ್ಕೆ ರಕ್ಷೆ.

ನಮ್ಮ ಕಡಲಿನ ಲಾಬ್‌ಸ್ಟರ್‌ಗೆ ಲೂಯಿಯಂತೆ ದೊಡ್ಡ ಕೊಂಬುಗೈಗಳಿಲ್ಲ; ಉದ್ದನೆಯ ಮುಳ್ಳುಮೀಸೆಗಳಿವೆ. ಕೊಂಕಣ ತೀರದವರು ಅದನ್ನು ಶೆವಂಡ ಎನ್ನುತ್ತಾರೆ. 2003ರಲ್ಲಿ ಕೇಂದ್ರ ಸರಕಾರ ಇವುಗಳ ರಫ್ತಿಗೆ ಕನಿಷ್ಠ ತೂಕ ಗೊತ್ತುಪಡಿಸಿತು: ಒಂದು ಜಾತಿಗೆ 200 ಗ್ರಾಂ, ಇನ್ನೊಂದಕ್ಕೆ 300, ಮತ್ತೊಂದಕ್ಕೆ 500. ಇದು ಎಳೆಯದನ್ನು ಉಳಿಸುವ ದಾರಿ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಂತ್ರದೋಣಿಗಳು ದಡದಲ್ಲಿರಬೇಕೆಂಬುದು ಕಾಲವನ್ನು ಬಿಟ್ಟುಕೊಡುವ ದಾರಿ.

ನಮ್ಮ ಹಿರಿಯರದು ಇನ್ನೊಂದು ದಾರಿ. ಅವರು ಜಾಗವನ್ನು ಬಿಟ್ಟುಕೊಟ್ಟರು. ಶೃಂಗೇರಿಯ ತುಂಗೆಯಲ್ಲಿ, ಬೆಳ್ತಂಗಡಿ ತಾಲೂಕಿನ ಶಿಶಿಲದ ಕಪಿಲೆಯಲ್ಲಿ ಗುಡಿಯ ಮುಂದಿನ ಮಡುವಿನ ಮೀನು ದೇವರ ಮೀನು. ಎಳೆಯದು, ಮುದಿಯದು ಎಂಬ ಭೇದವಿಲ್ಲ. ದೂರದಲ್ಲಿ ಬಲೆ ಬೀಸುವವನೂ ಅಲ್ಲಿ ಮೀನಿಗೆ ಅಕ್ಕಿ ಎರಚಿ ಕೈಮುಗಿಯುತ್ತಾನೆ. ಶಾಸನ ಬರುವ ಮೊದಲೇ ಭಕ್ತಿ ಹಾಕಿದ ಬೇಲಿ ಅದು.

ಆದರೆ ಬೇಲಿ ಹಾಕಿದವರೂ ಎಚ್ಚರವಿರಬೇಕು. 1996ರಲ್ಲಿ ಶಿಶಿಲದ ಹೊಳೆಗೆ ದುಷ್ಕರ್ಮಿಗಳು ವಿಷ ಹಾಕಿದರು. ಸಾವಿರಾರು ಮೀನು ಸತ್ತು ತೇಲಿದವು. ಊರವರು ಅವಕ್ಕೊಂದು ಸ್ಮಾರಕ ಕಟ್ಟಿದ್ದಾರೆ. ಮೀನಿಗೆ ಸ್ಮಾರಕ ಕಟ್ಟಿಸಿಕೊಳ್ಳುವ ಸ್ಥಿತಿ ಇನ್ನಾವ ಊರಿಗೂ ಬಾರದಿರಲಿ.

ಘಟ್ಟದ ಮೇಲಿನ ನಾವು ಮಾಡಬಹುದಾದದ್ದೇನು? ನಮ್ಮ ಕೈ ಸೇರುವಾಗ ಮೀನು ಸತ್ತಿರುತ್ತದೆ, ನಿಜ. ಆದರೂ ಗೇಣುದ್ದ ಬೆಳೆಯುವ ಮೀನನ್ನು ಬೆರಳುದ್ದವಿರುವಾಗಲೇ ಮಾರಲು ತಂದಿದ್ದರೆ, ‘ಇದು ಬ್ಯಾಡ್ರಿ’ ಎನ್ನಬಹುದಲ್ಲ? ಕೊಳ್ಳುವವರು ಇಲ್ಲವಾದರೆ ಮುಂದಿನ ವಾರದ ಪೆಟ್ಟಿಗೆಯಲ್ಲಿ ಅದು ಘಟ್ಟ ಹತ್ತಿ ಬರಲಾರದು.