ತಟ್ಟಿದಾಗ ಕೇಳುವ ದನಿ

(ಶತಮಾನೋತ್ಸವದ ಸಂದರ್ಭದಲ್ಲಿ ಧರ್ಮಕೇಂದ್ರದ ಗುರುಗಳು ನೀಡಿದ ಪ್ರವಚನ)



ನಮ್ಮ ಊರಿನ ಹೆಸರೇ ಇಂದಿನ ಪ್ರವಚನಕ್ಕೆ ವಿಷಯವನ್ನು ಒದಗಿಸಿದೆ. ಕುಂಬಾರಕೊಪ್ಪಲು ಎಂದರೆ ಕುಂಬಾರರ ಪುಟ್ಟ ಹಳ್ಳಿ. ಆ ಹಳ್ಳಿ ಇಂದು ಮೈಸೂರು ನಗರದಲ್ಲಿ ಬೆರೆತುಹೋಗಿದ್ದರೂ ಹೆಸರು ಉಳಿದಿದೆ. ಪ್ರವಾದಿ ಯೆರೆಮೀಯನನ್ನು ದೇವರು ಕುಂಬಾರನ ಮನೆಗೆ ಕಳುಹಿಸಿದ ಪ್ರಸಂಗವನ್ನು ನೀವು ಬಲ್ಲಿರಿ. ಕೈಯಲ್ಲಿ ಕೆಟ್ಟುಹೋದ ಮಣ್ಣನ್ನು ಕುಂಬಾರನು ಎಸೆಯಲಿಲ್ಲ. ಅದನ್ನೇ ಮತ್ತೆ ಹದಗೊಳಿಸಿ ತಿಗರಿಯ ಮೇಲಿಟ್ಟು ಬೇರೊಂದು ಪಾತ್ರೆಯನ್ನು ರೂಪಿಸಿದನು.

ನಮ್ಮ ತಾಯಂದಿರು ಸಂತೆಯಲ್ಲಿ ಮಡಕೆ ಕೊಳ್ಳುವಾಗ ಅದರ ಬಣ್ಣಕ್ಕೆ ಮರುಳಾಗುತ್ತಿರಲಿಲ್ಲ. ಬೆರಳ ಗೆಣ್ಣಿನಿಂದ ತಟ್ಟಿ ನೋಡುತ್ತಿದ್ದರು. ಚೆನ್ನಾಗಿ ಬೆಂದ ಮಡಕೆ ಖಣಿಲೆನ್ನುತ್ತದೆ. ಬಿರುಕು ಬಿಟ್ಟದ್ದು ಒಡಕು ದನಿಯಲ್ಲಿ ತನ್ನ ಗುಟ್ಟನ್ನು ತಾನೇ ಹೇಳಿಬಿಡುತ್ತದೆ. ಈ ಶತಮಾನೋತ್ಸವದಲ್ಲಿ ದೇವರು ನಮ್ಮನ್ನು ಹಾಗೆ ತಟ್ಟಿ ನೋಡಿದರೆ ಯಾವ ದನಿ ಕೇಳಿಸೀತು?

ಲೋಕದ ಅಳತೆಗೋಲು ಒಂದು, ಕ್ರಿಸ್ತರ ಅಳತೆಗೋಲು ಇನ್ನೊಂದು. ಎಷ್ಟು ಗಳಿಸಿದೆ, ಎಷ್ಟು ಜನ ನೋಡಿದರು ಎಂದು ಲೋಕ ಕೇಳುತ್ತದೆ. ಒಪ್ಪಿಸಿದ ಕೆಲಸದಲ್ಲಿ ನಂಬಿಗಸ್ತನಾಗಿದ್ದೆಯಾ ಎಂದು ಪ್ರಭು ಕೇಳುತ್ತಾರೆ. ದ್ವಿತೀಯ ವ್ಯಾಟಿಕನ್ ಮಹಾಸಭೆಯು 1965ರಲ್ಲಿ, ಬಾಯಿಂದ ಒಪ್ಪುವ ವಿಶ್ವಾಸಕ್ಕೂ ದಿನನಿತ್ಯದ ಬಾಳಿಗೂ ನಡುವೆ ಬೀಳುವ ಬಿರುಕನ್ನು ನಮ್ಮ ಕಾಲದ ಗುರುತರ ತಪ್ಪುಗಳಲ್ಲಿ ಒಂದೆಂದು ಎಣಿಸಿತು. ಭಾನುವಾರ ಪರಮಪ್ರಸಾದ ಸ್ವೀಕರಿಸಿದ ಕೈ ಸೋಮವಾರ ಲಂಚಕ್ಕೆ ಚಾಚಿದರೆ ಅದು ಬಿರುಕು. ಹೆಣ್ಣು ಕೊಟ್ಟವರನ್ನು ಸಾಲಕ್ಕೆ ತಳ್ಳಿ, ಆ ಹಣದಲ್ಲೇ ಅದ್ದೂರಿ ಮದುವೆ ನಡೆಸಿ, ಗುರುಗಳ ಆಶೀರ್ವಾದ ಬೇಡಿದರೆ ಅದೂ ಬಿರುಕು.

ಸೋಲು ಗೆಲುವುಗಳ ವಿಷಯದಲ್ಲಿ ನನಗೆ ಮತ್ತೆ ಮತ್ತೆ ನೆನಪಾಗುವವರು ಅಬ್ಬೆ ದ್ಯುಬುವಾ ಸ್ವಾಮಿಗಳು. ಅವರ ಹೆಸರಿನ ದೇವಾಲಯ ಇಲ್ಲಿಂದ ಬಹುದೂರವೇನಲ್ಲ, ಶ್ರೀರಂಗಪಟ್ಟಣದ ಗಂಜಾಂನಲ್ಲಿದೆ. ಫ್ರಾನ್ಸ್ ದೇಶ ಕ್ರಾಂತಿಯಲ್ಲಿ ಬೇಯುತ್ತಿದ್ದ 1792ರಲ್ಲಿ ಅವರು ಗುರುದೀಕ್ಷೆ ಪಡೆದು ಭಾರತಕ್ಕೆ ಹೊರಟರು. 1799ರಲ್ಲಿ ಶ್ರೀರಂಗಪಟ್ಟಣ ಪತನವಾದ ಮೇಲೆ, ಚದುರಿಹೋಗಿದ್ದ ಕ್ರೈಸ್ತರನ್ನು ಒಟ್ಟುಗೂಡಿಸುವ ಹೊಣೆ ಅವರ ಮೇಲೆ ಬಿತ್ತು. ಅವರು ಈ ನಾಡಿನ ಉಡುಗೆಯನ್ನುಟ್ಟರು, ಈ ನಾಡಿನ ಊಟ ಉಂಡರು. ಬದುಕು ಕಳೆದುಕೊಂಡವರಿಗಾಗಿ ಹಾಸನದ ಬಳಿಯ ಸಾತಹಳ್ಳಿಯಲ್ಲಿ ಬೇಸಾಯದ ನೆಲೆಯನ್ನು ಏರ್ಪಡಿಸಿದರು. ಸಿಡುಬು ಜನರನ್ನು ಬಲಿ ತೆಗೆದುಕೊಳ್ಳುತ್ತಿದ್ದ ಆ ಕಾಲದಲ್ಲಿ, ಜನ ಅಂಜುತ್ತಿದ್ದ ಲಸಿಕೆಯನ್ನು ಸಾವಿರಾರು ಮಂದಿಗೆ ಹಾಕಿಸಿದರು. ಜನರು ಅವರನ್ನು ‘ದೊಡ್ಡಸ್ವಾಮಿಯವರು’ ಎಂದು ಕರೆದರು.

ಇಷ್ಟಾದರೂ ಅವರು 1823ರಲ್ಲಿ ಸ್ವದೇಶಕ್ಕೆ ಮರಳಿದ್ದು ಗೆದ್ದವರಂತಲ್ಲ. ತಮ್ಮ ಶ್ರಮದಿಂದ ಹೊಸದಾಗಿ ವಿಶ್ವಾಸಕ್ಕೆ ಬಂದವರು ತೀರ ಕಡಿಮೆ ಎಂದು ಅದೇ ವರ್ಷ ಪ್ರಕಟವಾದ ಪತ್ರಗಳಲ್ಲಿ ಮುಚ್ಚುಮರೆಯಿಲ್ಲದೆ ಒಪ್ಪಿಕೊಂಡರು. ಆ ಪತ್ರಗಳಲ್ಲಿ ಕಹಿಯೂ ಇದೆ. ಅವರ ಎಲ್ಲ ಅಭಿಪ್ರಾಯಗಳನ್ನು ನಾವು ಒಪ್ಪಬೇಕಾಗಿಲ್ಲ. ಆದರೆ ಫಲ ಕಾಣದಿದ್ದಾಗಲೂ ಮೂವತ್ತು ವರ್ಷಗಳಿಗೂ ಹೆಚ್ಚು ಕಾಲ ರೋಗಿಯನ್ನು, ಬಡವನನ್ನು, ಬಲಿಪೂಜೆಯನ್ನು ಬಿಡದ ಆ ಗುರು ಸೋತರೆಂದು ಹೇಳುವವರು ಯಾರು? ಸಂಖ್ಯೆಯನ್ನು ಸುಳ್ಳಾಗಿ ಹಿಗ್ಗಿಸದೆ ಸತ್ಯವನ್ನು ಬರೆದದ್ದೂ ನಿಷ್ಠೆಯೇ ಅಲ್ಲವೇ?

ಈ ಪಾಠವನ್ನು ನಾನೂ ತಡವಾಗಿ ಕಲಿತೆ. ಹಿಂದೆ ಬೇರೊಂದು ಧರ್ಮಕೇಂದ್ರದಲ್ಲಿದ್ದಾಗ, ದಾನಿಗಳ ಹೆಸರನ್ನು ಮೊತ್ತದ ಕ್ರಮದಲ್ಲಿ ಬರೆಸಿ ದೇವಾಲಯದ ಬಾಗಿಲಲ್ಲಿ ತೂಗುಹಾಕಿಸಿದೆ. ದೇವಾಲಯದ ಅಂಗಳ ಗುಡಿಸುತ್ತಿದ್ದ ವಿಧವೆಯೊಬ್ಬರು ಸೆರಗಿನ ಗಂಟು ಬಿಚ್ಚಿ ಕೊಟ್ಟ ಕಾಸು ಆ ಪಟ್ಟಿಗೆ ಏರಲೇ ಇಲ್ಲ. ನಾಚಿಕೊಂಡು ಕ್ಷಮೆ ಕೇಳಿದಾಗ ಆಕೆ ಹೇಳಿದರು: “ಹೆಸರು ಯಾಕೆ ಸ್ವಾಮಿ, ನನ್ನ ಮಗ ಕುಡಿಯೋದು ಬಿಡಲಿ ಅಂತ ಪೂಜೇಲಿ ನೆನೆಸ್ಕೊಳ್ಳಿ, ಅಷ್ಟು ಸಾಕು.” ಯೇಸುಸ್ವಾಮಿ ಕಾಣಿಕೆ ಪೆಟ್ಟಿಗೆಯ ಎದುರು ಕುಳಿತು ಬಡ ವಿಧವೆಯನ್ನು ಕೊಂಡಾಡಿದ್ದನ್ನು ನಾನು ಎಷ್ಟೋ ಬಾರಿ ಬೋಧಿಸಿದ್ದೆ. ಅಂದು ತಟ್ಟಿದಾಗ ಒಡಕು ದನಿ ಬಂದದ್ದು ನನ್ನಿಂದ.

ಬಂಧುಗಳೇ, ಲೋಕವನ್ನು ಬಿಟ್ಟು ಓಡಿರೆಂದು ನಾನು ಹೇಳುತ್ತಿಲ್ಲ. ನಿಮ್ಮಲ್ಲಿ ಪಾಳಿಯ ಮೇಲೆ ಕಾರ್ಖಾನೆಗೆ ಹೋಗುವವರಿದ್ದೀರಿ, ಅಂಗಡಿಯಿಟ್ಟವರಿದ್ದೀರಿ, ಕಚೇರಿಯಲ್ಲಿ ಕಡತ ನೋಡುವವರಿದ್ದೀರಿ. ನಿಮ್ಮ ವಿಶ್ವಾಸ ಬೇಯಬೇಕಾದ ಆವಿಗೆ ಅದೇ. ತೂಕದಲ್ಲಿ ಸತ್ಯ, ಮಾತಿನಲ್ಲಿ ಸತ್ಯ, ದಾಂಪತ್ಯದಲ್ಲಿ ನಿಷ್ಠೆ, ಕೂಲಿಯವನಿಗೆ ಸಂಜೆಯೊಳಗೆ ಕೂಲಿ: ಇವು ಯಾವ ಸಂಚಿಕೆಯಲ್ಲೂ ಅಚ್ಚಾಗುವುದಿಲ್ಲ. ದೇವರ ಲೆಕ್ಕದಲ್ಲಿ ಮಾತ್ರ ತಪ್ಪದೆ ಸೇರುತ್ತವೆ. ಇದರಿಂದ ನಷ್ಟವಾಗಬಹುದು, ಆಗುವುದಿಲ್ಲವೆಂದು ಭರವಸೆ ಕೊಡಲು ನನಗೆ ಅಧಿಕಾರವಿಲ್ಲ. ಶಿಲುಬೆಯನ್ನು ಹೊತ್ತವರ ಹಿಂದೆ ನಡೆಯುವವರಿಗೆ ಹೆಗಲು ನೋಯದೆ ಇರದು.

ನಮ್ಮಲ್ಲಿ ಬಿರುಕು ಕಂಡರೆ ಎದೆಗುಂದುವುದು ಬೇಡ. ನಾವು ಬಾಳಿರುವ ತನಕ ಕುಂಬಾರನ ಕೈಯಲ್ಲಿರುವ ಹಸಿಮಣ್ಣೇ. ಪಾಪನಿವೇದನೆಯಲ್ಲಿ ಆ ಕೈಗೆ ನಮ್ಮನ್ನು ಒಪ್ಪಿಸೋಣ. ಅವರು ಮತ್ತೆ ರೂಪಿಸುತ್ತಾರೆ. ಅಮೂಲ್ಯ ನಿಧಿ ಮಣ್ಣಿನ ಪಾತ್ರೆಯಲ್ಲಿದೆ ಎಂದು ಸಂತ ಪೌಲರು ನಮ್ಮಂಥವರನ್ನು ಕುರಿತೇ ಬರೆದರು.

ದೇವಮಾತೆ ಮರಿಯಮ್ಮನವರ ಬಿನ್ನಹದ ಮೂಲಕ ಪ್ರಭು ನಿಮ್ಮ ಮನೆಮನೆಗಳನ್ನೂ ಆಶೀರ್ವದಿಸಲಿ. ಆಮೆನ್.