ಹರಳಿನೊಳಗಿನ ಖಾಲಿ ಜಾಗ



ಗ್ಯಾಸ್ ಲೈಟರ್ ಒತ್ತಿದರೆ ಕಿಡಿ ಹಾರುತ್ತದೆ. ಅದರಲ್ಲಿ ಬ್ಯಾಟರಿ ಇರುವುದಿಲ್ಲ. ಒಳಗಿನ ಸಣ್ಣ ಸೆರಾಮಿಕ್ ತುಂಡಿಗೆ ಪೆಟ್ಟು ಬಿದ್ದಾಗ ವಿದ್ಯುತ್ ಹುಟ್ಟುತ್ತದೆ. ಆಸ್ಪತ್ರೆಯ ಸ್ಕ್ಯಾನಿಂಗ್ ಯಂತ್ರ ಕೆಲಸ ಮಾಡುವುದೂ ಇಂಥದೇ ವಸ್ತುವಿನಿಂದ. ಸೀಸ, ಜಿರ್ಕೋನಿಯಂ, ಟೈಟಾನಿಯಂ, ಆಮ್ಲಜನಕ ಸೇರಿದ ಇದಕ್ಕೆ ಪಿ.ಝಡ್.ಟಿ. ಎಂದು ಹೆಸರು. ಇದು ಫೆರೋಎಲೆಕ್ಟ್ರಿಕ್ ಆಕ್ಸೈಡ್. ಈ ಫೆರೋಎಲೆಕ್ಟ್ರಿಕ್ ಗುಣವನ್ನು 1921ರಲ್ಲಿ ಜೋಸೆಫ್ ವಲಾಸೆಕ್ ರೋಷೆಲ್ ಲವಣದಲ್ಲಿ ಮೊದಲು ಕಂಡರು.

ರಾಮದುರ್ಗದ ನೇಕಾರರಿಗೆ ಗೊತ್ತು, ಹಾಸಿನಲ್ಲಿ ಒಂದು ಎಳೆ ತಪ್ಪಿದರೂ ಬಟ್ಟೆಯಲ್ಲಿ ಕಾಣುತ್ತದೆ. ಹರಳಿನಲ್ಲಿಯೂ ಅಣುವೊಂದು ತನ್ನ ಜಾಗದಲ್ಲಿ ಇಲ್ಲದಿದ್ದರೆ ಅದನ್ನು ದೋಷವೆನ್ನುತ್ತೇವೆ. ಬೇರೆ ಧಾತುವನ್ನು ಚಿಟಿಕೆಯಷ್ಟು ಬೆರೆಸುವುದು ಡೋಪಿಂಗ್. ಯಾವ ದೋಷ ಎಷ್ಟಿರಬೇಕೆಂಬುದನ್ನು ಈ ಚಿಟಿಕೆಯೇ ನಿರ್ಧರಿಸುತ್ತದೆ.

ಲೆಕ್ಕ ಸರಳವಾಗಿದೆ. ಟೈಟಾನಿಯಂಗೆ ನಾಲ್ಕು ಧನ ಆವೇಶ. ಅದರ ಜಾಗದಲ್ಲಿ ಮೂರು ಆವೇಶದ ಕಬ್ಬಿಣ ಕುಳಿತರೆ ಒಂದು ಕಡಿಮೆ. ಎರಡು ಕಬ್ಬಿಣಕ್ಕೆ ಎರಡು ಕಡಿಮೆ. ಆಗ ಎರಡು ಋಣ ಆವೇಶದ ಒಂದು ಆಮ್ಲಜನಕ ಹೊರಟುಹೋಗಿ ಲೆಕ್ಕ ಸರಿಯಾಗುತ್ತದೆ. ಉಳಿದ ಖಾಲಿ ಜಾಗ ಕಬ್ಬಿಣದ ಜೊತೆ ಜೋಡಿಯಾಗಿ ಹರಳಿನ ವಲಯಗಳ ಗಡಿಯನ್ನು ಗೂಟ ಹೊಡೆದಂತೆ ಹಿಡಿದಿಡುತ್ತದೆ. ಇದು 'ಗಡಸು' ಪಿ.ಝಡ್.ಟಿ. ಹೆಚ್ಚು ಬಿಸಿಯಾಗದ ಕಾರಣ ಅಲ್ಟ್ರಾಸಾನಿಕ್ ವೆಲ್ಡಿಂಗ್ ಯಂತ್ರಕ್ಕೆ ಒಗ್ಗುತ್ತದೆ. ಕಬ್ಬಿಣದ ಬದಲು ಐದು ಆವೇಶದ ನಯೋಬಿಯಂ ಹಾಕಿದರೆ ಸೀಸದ ಜಾಗ ಖಾಲಿಯಾಗುತ್ತದೆ, ಗಡಿಗಳು ಸುಲಭವಾಗಿ ಸರಿಯುತ್ತವೆ. ಈ 'ಮೃದು' ಬಗೆ ಸ್ಕ್ಯಾನಿಂಗ್‌ಗೆ ಬೇಕು.

ಆಮ್ಲಜನಕದ ಖಾಲಿ ಜಾಗ ಸುಮ್ಮನೆ ಕೂರುವುದಿಲ್ಲ. ವಿದ್ಯುತ್ ಒತ್ತಡದಲ್ಲಿ ಮೆಲ್ಲಗೆ ಸರಿಯುತ್ತದೆ, ಕ್ರಮೇಣ ಸಾಧನ ಕೆಡುತ್ತದೆ. ಮೊಬೈಲಿನೊಳಗೆ ನೂರಾರು ಸಣ್ಣ ಬೇರಿಯಂ ಟೈಟನೇಟ್ ಕೆಪಾಸಿಟರ್‌ಗಳಿವೆ. ಅವಕ್ಕೆ ಡಿಸ್ಪ್ರೋಸಿಯಂನಂಥ ವಿರಳ ಧಾತು ಬೆರೆಸಿ ಈ ಸರಿದಾಟವನ್ನು ನಿಧಾನಿಸುತ್ತಾರೆ.

ಇನ್ನೊಂದು ಚಿಂತೆ ಸೀಸದ್ದು. ಪಿ.ಝಡ್.ಟಿ. ತೂಕದ ಸುಮಾರು ಶೇ. 60 ಭಾಗ ಸೀಸವೇ. ಅದು ಮಕ್ಕಳ ಮಿದುಳಿಗೆ ವಿಷ. ಆದ್ದರಿಂದ ಸೀಸವಿಲ್ಲದ ಸೋಡಿಯಂ ಬಿಸ್ಮತ್ ಟೈಟನೇಟ್ ಮೇಲೆ ಜಗತ್ತಿನ ಹಲವೆಡೆ ಸಂಶೋಧನೆ ನಡೆದಿದೆ. ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯೂ ಅದರಲ್ಲಿ ಪಾಲುಗೊಂಡಿದೆ. ಈ ವಸ್ತುವಿನಲ್ಲಿ ಬಿಸ್ಮತ್ ತುಸು ಕಡಿಮೆಯಾದರೆ ಆಮ್ಲಜನಕ ಹರಿದಾಡತೊಡಗುತ್ತದೆ, ತುಸು ಹೆಚ್ಚಾದರೆ ಒಳ್ಳೆಯ ಅವಾಹಕವಾಗುತ್ತದೆ ಎಂದು 2014ರಲ್ಲಿ ಪ್ರಕಟವಾಯಿತು. ತಕ್ಕಡಿಯ ಮುಂದೆ ಎಷ್ಟು ಎಚ್ಚರ ಬೇಕು ನೋಡಿರಿ!

ವಿದ್ಯಾರ್ಥಿಗಳೆ, ದೋಷಗಳ ಈ ಪಾಠ ಪಿ.ಯು.ಸಿ. ದ್ವಿತೀಯ ವರ್ಷದ ರಸಾಯನಶಾಸ್ತ್ರದ 'ಘನಸ್ಥಿತಿ' ಅಧ್ಯಾಯದಲ್ಲಿತ್ತು. 2023-24ರ ಎನ್.ಸಿ.ಇ.ಆರ್.ಟಿ. ಪುಸ್ತಕದಿಂದ ಆ ಅಧ್ಯಾಯವೇ ಬಿಟ್ಟುಹೋಗಿದೆ. ಪರೀಕ್ಷೆಗೆ ಬರುವುದಿಲ್ಲವೆಂದು ಬಿಡಬೇಡಿರಿ. ಪಟ್ಟಣದ ಮಕ್ಕಳು ಬೇರೆಡೆ ಕಲಿತಾರು. ನಮ್ಮ ತಾಲೂಕಿನ ಮಕ್ಕಳಿಗೆ ಕಾಲೇಜೇ ಆಸರೆ. ಹಳೆಯ ಪುಸ್ತಕವನ್ನು ಗ್ರಂಥಾಲಯದಲ್ಲಿ ಉಳಿಸಿ, ವರ್ಷಕ್ಕೆ ಎರಡು ತಾಸು ಈ ಪಾಠಕ್ಕೆ ಕೊಡಬೇಕೆಂದು ಗುರುಗಳಲ್ಲಿ ವಿನಂತಿಸಿ ನನ್ನ ಮಾತು ಮುಗಿಸುತ್ತೇನೆ.